ನಡುಗದ ಕೈ

ಫೆಬ್ರವರಿ 9

ಗುಬ್ಬಿ,

ನಿಮ್ಮ ಶಿಬಿರದಲ್ಲಿ ಫೋನ್ ಮುಟ್ಟಲು ಬಿಡುವುದಿಲ್ಲವಲ್ಲ, ಅದಕ್ಕೇ ಪೆನ್ನು ಹಿಡಿದು ಕೂತಿದ್ದೇನೆ. ಇಲ್ಲದಿದ್ದರೆ ಬೆಳಿಗ್ಗೆಯೇ ಕೂಗಿ ಹೇಳಿಬಿಡುತ್ತಿದ್ದೆ. ಪೇಪರಿನಲ್ಲಿ ನಿನ್ನ ಫೋಟೋ ಬಂದಿದೆ! ಐದನೇ ಪುಟ, ಮೇಲ್ಗಡೆ, ಟೋಪಿ ಸಮೇತ. "ನೆಲಬಾಂಬುಗಳ ನಡುವೆ ಓಡಿ ವೃದ್ಧೆಯನ್ನು ಹೊತ್ತು ತಂದ ಯುವ ಲೆಫ್ಟಿನೆಂಟ್" ಎಂದು ದಪ್ಪಕ್ಷರ. ಪದಕಕ್ಕೆ ನಿನ್ನ ಹೆಸರು ಹೋಗಿದೆ ಎಂದೂ ಕೊನೆಯ ಸಾಲಿನಲ್ಲಿದೆ. ಪದಕದ ವಿಷಯ ಪೇಪರಿನವನಿಗೆ ಗೊತ್ತು, ಹೆತ್ತ ಅಪ್ಪನಿಗೆ ಗೊತ್ತಿಲ್ಲ! ಇರಲಿ, ಸಂತೋಷದ ದಿನ ಜಗಳ ಬೇಡ.

ದಪ್ಪಕ್ಷರದ ಸಮೇತ ಫೋಟೋ ಕತ್ತರಿಸಿ ಅಂಗಡಿಯ ದೊಡ್ಡ ಕನ್ನಡಿಯ ಮೂಲೆಗೆ ಅಂಟಿಸಿದ್ದೇನೆ. ಈಗ ಕ್ಷೌರಕ್ಕೆ ಕೂತವರು ಯಾರೇ ಆಗಲಿ, ತಲೆ ಎತ್ತಿದರೆ ನಿನ್ನ ಮುಖ ನೋಡಲೇಬೇಕು. ಮೀಸೆ ತಾತ ಗೊತ್ತಲ್ಲ, ಸೈನ್ಯದಿಂದ ನಿವೃತ್ತರಾದವರು, ನನ್ನನ್ನು ಬಿಟ್ಟು ಬೇರೆ ಯಾರಿಗೂ ಮೀಸೆ ಮುಟ್ಟಲು ಬಿಡದವರು? ಅವರ ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ನೊರೆ ಹಚ್ಚಿದ್ದೆ. ಸುದ್ದಿ ಓದಿ ಹೇಳಿದೆ. ದಡಕ್ಕನೆ ಎದ್ದು ನಿಂತು, ನೊರೆ ಕೆನ್ನೆಯಲ್ಲೇ ಫೋಟೋಗೆ ಸಲ್ಯೂಟ್ ಹೊಡೆದರು. "ಹುಟ್ಟಿದರೆ ಇಂಥ ಮಗಳು ಹುಟ್ಟಬೇಕು ಕಣಯ್ಯಾ. ಹೆದರಿಕೆ ಅನ್ನೋದು ಇವಳ ರಕ್ತದಲ್ಲೇ ಇಲ್ಲ" ಅಂದರು. ನನಗೆ ಕಣ್ಣು ಮಂಜಾಗಿ ಕತ್ತಿ ಕೆಳಗಿಡಬೇಕಾಯಿತು.

ಚಿಕ್ಕವಳಿದ್ದಾಗ ನೀನು ಜಿರಲೆ ಕಂಡರೆ ಮಂಚ ಹತ್ತುತ್ತಿದ್ದೆ. ಅದನ್ನು ಮಾತ್ರ ಯಾರಿಗೂ ಹೇಳಿಲ್ಲ.

ನಿನ್ನ
ಅಪ್ಪ

ನಾನು, ಅಮ್ಮ. ಕೆಳಗೆ ಎರಡು ಸಾಲಿನ ಜಾಗ ಉಳಿಸಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ. ಪೇಪರ್ ನಾನೂ ಓದಿದೆ. ಆ ಅಜ್ಜಿಗೆ ಏನೂ ಆಗಿರಲಿಲ್ಲವಂತೆ, ಕಲ್ಲಿನ ಮೇಲೆ ಕೂತಿದ್ದಳಂತೆ. ಸುಮ್ಮನೆ ಕೂತವಳನ್ನು ಕರೆತರಲು ನೀನು ಯಾಕೆ ಓಡಿದೆ?


ಫೆಬ್ರವರಿ 27

ಅಪ್ಪಾ, ಅಮ್ಮಾ,

ಅಮ್ಮನ ಪ್ರಶ್ನೆಗೆ ಮೊದಲು ಉತ್ತರ. ಓಡಬೇಕಾಗಿರಲಿಲ್ಲ, ಅಮ್ಮ.

ನಡೆದದ್ದು ಇಷ್ಟು. ಇಲ್ಲಿಯ ಹೊಲಗಳಲ್ಲಿ ಹಳೆಯ ಯುದ್ಧದ ಕಾಲಕ್ಕೆ ಹೂತ ಬಾಂಬುಗಳು ಇನ್ನೂ ಇವೆ. ನಾವು ಅವನ್ನು ತೆಗೆದು, ಜನ ಮತ್ತೆ ಉಳುವ ಹಾಗೆ ಮಾಡಿಕೊಡಬೇಕು. ಆ ದಿನ ಅಜ್ಜಿಯ ಕರು ಅಪಾಯದ ಗುರುತಿಗೆ ನಾವು ಕಟ್ಟಿದ್ದ ಕೆಂಪು ಪಟ್ಟಿ ದಾಟಿತು, ಅಜ್ಜಿ ಅದರ ಹಿಂದೆ ಹೋದಳು. ಬಾಂಬು ಸಿಡಿದು ಕರು ಸತ್ತಿತು. ಅಜ್ಜಿ ಅಲ್ಲೇ ಒಂದು ಬಂಡೆಯ ಮೇಲೆ ಕೂತು ಅಳತೊಡಗಿದಳು. ನನ್ನ ತುಕಡಿಯ ಹಿರಿಯ ಒಬ್ಬರಿದ್ದಾರೆ, ಅವರನ್ನು ಎಲ್ಲರೂ ದೊಡ್ಡಣ್ಣ ಎನ್ನುತ್ತೇವೆ. ಅವರು ಕೂಗಿ, "ಅಜ್ಜೀ, ಅಲ್ಲೇ ಕೂತಿರಿ, ನಾವು ಬರ್ತೀವಿ" ಅಂದರು. ಅಜ್ಜಿ ತಲೆಯಾಡಿಸಿದಳು. ನಿಯಮದ ಪ್ರಕಾರ ಲೋಹ ಪತ್ತೆಹಚ್ಚುವ ಡಿಟೆಕ್ಟರ್ ಹಿಡಿದು, ಅದು ಕೂಗಿದ ಕಡೆಯಲ್ಲೆಲ್ಲ ಮಂಡಿಯೂರಿ, ಕಡ್ಡಿಯಿಂದ ಮಣ್ಣು ಚುಚ್ಚಿ ನೋಡುತ್ತಾ ಅವಳವರೆಗೆ ದಾರಿ ಮಾಡಿಕೊಂಡು ಹೋಗಬೇಕು. ಸಂಜೆಯೊಳಗೆ ತಲುಪುತ್ತಿದ್ದೆವು. ಅವಳಿಗೆ ಬೇಕಾದರೆ ನೀರಿನ ಬಾಟಲಿ ಎಸೆಯಬಹುದಿತ್ತು.

ನಾನು ಡಿಟೆಕ್ಟರ್ ಕೆಳಗಿಟ್ಟು ಓಡಿದೆ. ಅಷ್ಟು ಹೊತ್ತು ಮಂಡಿಯೂರುವುದು ಬೇಜಾರೆನ್ನಿಸಿತು. ಅಷ್ಟೇ, ಅಪ್ಪಾ. ಧೈರ್ಯ ಗಿರ್ಯ ಏನೂ ಇಲ್ಲ.

ಎಲ್ಲರೂ ಚಪ್ಪಾಳೆ ಹೊಡೆದರು. ದೊಡ್ಡಣ್ಣ ಹೊಡೆಯಲಿಲ್ಲ. ಮರುದಿನ ಅವರು ನಾನು ಓಡಿದ ದಾರಿಯನ್ನೇ ಹಿಡಿದು ಶೋಧಿಸಿದರು. ಎರಡು ಸಿಕ್ಕವು. ಒಂದು ನನ್ನ ಹಿಮ್ಮಡಿಯ ಗುರುತಿನಿಂದ ಅಂಗೈ ಅಗಲ ದೂರದಲ್ಲಿತ್ತು. "ನೋಡಿ ಮೇಡಂ" ಅಂತ ಕರೆದು ತೋರಿಸಿದರು. ನೋಡಿದೆ. ನನ್ನ ಕೈ ನಡುಗಲಿಲ್ಲ. ಹೆದರಿಕೆ ಬರಲಿಲ್ಲವಲ್ಲ ಎಂಬ ಯೋಚನೆ ಬಂತು, ಹೆದರಿಕೆ ಮಾತ್ರ ಬರಲಿಲ್ಲ. ಇಲ್ಲಿಗೆ ಬಂದ ಹೊಸದರಲ್ಲಿ ಹೊಲಕ್ಕೆ ಇಳಿಯುವ ಮುಂಚೆ ನನಗೆ ನೀರು ಕೂಡ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಈಗ ಸೀಟಿ ಹಾಕುತ್ತಾ ಇಳಿಯುತ್ತೇನೆ. ನಾನು ಸೀಟಿ ಹಾಕಿದರೆ ನನ್ನ ಹುಡುಗರೂ ಹಾಕುತ್ತಾರೆ.

ಅದಕ್ಕೇ ಕಮಾಂಡರ್ ಬಳಿ ಹೋಗಿ, ಕೆಲವು ತಿಂಗಳು ನನ್ನನ್ನು ಹೊಲದಿಂದ ತೆಗೆಯಿರಿ ಎಂದು ಕೇಳಿಕೊಂಡೆ.

"ತಲೆ ಕೆಟ್ಟಿದೆಯಾ? ನಿನ್ನ ಹೆಸರು ಪದಕಕ್ಕೆ ಹೋಗಿದೆ. ಈಗ ಹಿಂದೆ ಸರಿದರೆ ಜನ ಏನಂತಾರೆ?"

"ಹೆದರಿದಳು ಅಂತಾರೆ ಸರ್."

"ಹೆದರಿದ್ದೀಯಾ?"

"ಇಲ್ಲ ಸರ್. ಅದೇ ತೊಂದರೆ."

ಅವರು ನನ್ನ ಅರ್ಜಿಯನ್ನು ಎಳೆದುಕೊಂಡು ಇನ್ನೊಮ್ಮೆ ಓದಿದರು. ಕೊನೆಗೆ ಸಹಿ ಹಾಕಿದರು. ಈಗ ನಾನು ಉಗ್ರಾಣ ನೋಡಿಕೊಳ್ಳುತ್ತಿದ್ದೇನೆ, ಹೊಸಬರಿಗೆ ಪಾಠ ಹೇಳುತ್ತಿದ್ದೇನೆ. ತುಕಡಿಯನ್ನು ದೊಡ್ಡಣ್ಣ ನಡೆಸುತ್ತಾರೆ.

ಅಪ್ಪಾ, ಆ ಫೋಟೋ ಕನ್ನಡಿಯಿಂದ ತೆಗೆದುಬಿಡು.

ನಿನ್ನ
ಗುಬ್ಬಿ


ಮಾರ್ಚ್ 16

ಮಗಳಿಗೆ,

ಪತ್ರ ತಲುಪಿತು. ಉತ್ತರ ತಡವಾಯಿತು.

ಫೋಟೋ ತೆಗೆದಿಲ್ಲ. ತೆಗೆದರೆ ಯಾಕೆ ತೆಗೆದೆ ಅಂತ ಇಡೀ ಬೀದಿ ಕೇಳುತ್ತದೆ. ಅಲ್ಲದೆ ಇದು ಮುಚ್ಚಿಡುವ ಸುದ್ದಿಯಲ್ಲ, ಹೇಗೋ ಹರಡಿದೆ. ಮೀಸೆ ತಾತ ಮೊನ್ನೆ ಕುರ್ಚಿಯಲ್ಲಿ ಕೂತು ಫೋಟೋ ಕಡೆ ನೋಡಲೇ ಇಲ್ಲ. ಬಟ್ಟೆ ಹೊದಿಸುವಾಗ ಮೆಲ್ಲಗೆ, "ಉಗ್ರಾಣಕ್ಕೆ ಹೋದಳಂತೆ?" ಅಂದರು. ಹೌದು ಅಂದೆ. "ನಮ್ಮ ಕಾಲದಲ್ಲಿ ಉಗ್ರಾಣ ಕೇಳಿ ಹೋದವನ ಜೊತೆ ಯಾರೂ ಊಟಕ್ಕೆ ಕೂರ್ತಿರಲಿಲ್ಲ" ಅಂದರು. ನಾನು ಕತ್ತಿ ಹಿಡಿದವನು, ಅವರ ಗಂಟಲು ನನ್ನ ಕೈಯಲ್ಲಿತ್ತು. ಆದರೂ ಬಾಯಿ ಮುಚ್ಚಿಕೊಂಡವನು ನಾನೇ.

ನನಗೆ ಒಂದು ಅರ್ಥವಾಗುವುದಿಲ್ಲ. ನಾನು ಮೊದಲು ಕತ್ತಿ ಹಿಡಿದಾಗ ನನ್ನ ಕೈ ಎಲೆಯ ಹಾಗೆ ನಡುಗುತ್ತಿತ್ತು. ನನ್ನ ಗುರು ಬಲೂನಿಗೆ ಸೋಪು ಹಚ್ಚಿಸಿ, ಬಲೂನ್ ಒಡೆಯದ ಹಾಗೆ ಕೆರೆಯಲು ಕಲಿಸಿದರು. ಎಷ್ಟು ಬಲೂನ್ ಒಡೆದೆನೋ! ಈಗ ಕಣ್ಣು ಮುಚ್ಚಿ ಕ್ಷೌರ ಮಾಡುತ್ತೇನೆ. ಅದಕ್ಕೆ ಕೈ ಪಳಗಿತು ಅಂತಾರೆ. ನಿನ್ನ ಕೈಯೂ ಪಳಗಿದೆ, ಅಷ್ಟೇ. ನಡುಗದ ಕೈಯನ್ನು ಯಾರಾದರೂ ಕಾಯಿಲೆ ಅಂತಾರಾ? ಪದಕ ಬಾಗಿಲಿಗೆ ಬಂದಾಗ ಇಂಥ ಯೋಚನೆ ನಿನ್ನ ತಲೆಗೆ ತುಂಬಿದವರು ಯಾರು?

ಆರೋಗ್ಯ ನೋಡಿಕೋ.

ಅಪ್ಪ


ಮಾರ್ಚ್ 30

ಅಪ್ಪಾ,

ನೀನು ಕೋಪ ಬಂದಾಗ ಮಾತ್ರ ನನ್ನನ್ನು "ಮಗಳು" ಎನ್ನುತ್ತೀಯ, ಹಾಗಾಗಿ ಮೊದಲ ಸಾಲಿನಲ್ಲೇ ಗೊತ್ತಾಯಿತು.

ಬಲೂನಿನ ಮಾತು ನನಗೂ ಇಷ್ಟವಾಯಿತು, ತುಂಬ ಯೋಚಿಸಿದೆ. ನಿನ್ನ ಕತ್ತಿ ತಪ್ಪಿದರೆ ಬಲೂನು ಒಡೆಯುತ್ತದೆ, ಗಿರಾಕಿ "ಅಯ್ಯೋ" ಎನ್ನುತ್ತಾನೆ. ತಕ್ಷಣ ನಿನಗೆ ಗೊತ್ತಾಗುತ್ತದೆ, ಕೈ ತಿದ್ದಿಕೊಳ್ಳುತ್ತೀಯ. ನನ್ನ ನೆಲ ಹಾಗಲ್ಲ. ಕಡ್ಡಿ ಚುಚ್ಚದೆ ಒಂದು ಹೆಜ್ಜೆ ಇಟ್ಟೆ ಎಂದಿಟ್ಟುಕೋ. ಏನೂ ಆಗುವುದಿಲ್ಲ. ಮರುದಿನ ಮತ್ತೆ ಇಡುತ್ತೇನೆ, ಆಗಲೂ ಏನೂ ಆಗುವುದಿಲ್ಲ. ನೆಲ ಬೈಯುವುದಿಲ್ಲ, ಅಯ್ಯೋ ಅನ್ನುವುದಿಲ್ಲ, ಭೇಷ್ ಅಂದ ಹಾಗೆಯೇ ಸುಮ್ಮನಿರುತ್ತದೆ. ಹೀಗೆ ತಪ್ಪೇ ಪಳಗಿಬಿಡುತ್ತದೆ, ಅಪ್ಪಾ. ನನ್ನ ಕೈಯಲ್ಲಿ ಪಳಗಿದ್ದು ಕೆಲಸವೋ ತಪ್ಪೋ ಎಂದು ನನಗೇ ಗೊತ್ತಾಗುತ್ತಿಲ್ಲ.

ನನ್ನೊಬ್ಬಳ ಕಥೆಯಲ್ಲ ಇದು. ಹಗಲೆಲ್ಲ ಇಂಚಿಂಚು ಮಣ್ಣು ಕೆದಕುವ ನಮ್ಮ ಹುಡುಗರು ರಜೆಗೆ ಹೋದ ಕೂಡಲೇ ಹೆಲ್ಮೆಟ್ ಇಲ್ಲದೆ ಬೈಕ್ ಹಾರಿಸುತ್ತಾರೆ. "ಬಾಂಬ್ ಪಕ್ಕ ಕೂತು ಬಂದವನಿಗೆ ಲಾರಿ ಏನು ಮಾಡುತ್ತೆ ಮೇಡಂ?" ಅಂತ ಒಬ್ಬ ಕೇಳಿದ್ದ. ಅವನಿಗೆ ನಾವು "ಸುಂಟರಗಾಳಿ" ಅಂತ ಹೆಸರಿಟ್ಟಿದ್ದೇವೆ. ನಾನೂ ನಕ್ಕಿದ್ದೆ ಆಗ.

ನಾನು ಉಗ್ರಾಣಕ್ಕೆ ಬಂದ ಮೇಲೆ ಅತಿ ಜೋರಾಗಿ ನಗುವವನೂ ಅವನೇ. ಹಾಯಾಗಿ ನಿದ್ದೆ ಮಾಡಿ ಎಂದು ಅಣಕಿಸಲು ನನ್ನ ಮೇಜಿನ ಮೇಲೆ ಯಾರೋ ದಿಂಬು ಇಟ್ಟು ಹೋಗಿದ್ದರು. ಸಲ್ಯೂಟ್ ಹೊಡೆಯುತ್ತಾರೆ, ಆದರೆ ಕೈ ಹಣೆಯವರೆಗೆ ಬರುವುದಿಲ್ಲ. ಊಟಕ್ಕೆ ನನ್ನೆದುರು ದೊಡ್ಡಣ್ಣ ಮಾತ್ರ ಕೂರುತ್ತಾರೆ. ಅವರೂ ಮಾತಾಡುವುದಿಲ್ಲ, ಬೇಳೆ ಕಡೆ ನೋಡಿಕೊಂಡು ಉಣ್ಣುತ್ತಾರೆ.

ನೀನು ನನ್ನ ಪರ ಮಾತಾಡು ಎಂದು ಕೇಳುವುದಿಲ್ಲ. ಪತ್ರ ಮಾತ್ರ ಬರೆಯುತ್ತಿರು.

ಗುಬ್ಬಿ


ಏಪ್ರಿಲ್ 29

ಅಮ್ಮಾ,

ಈ ತಿಂಗಳು ನಿಮ್ಮ ಪತ್ರ ಬರಲಿಲ್ಲ.

ಕಳೆದ ವಾರ ದೊಡ್ಡಣ್ಣನ ಬಲಗಾಲು ಹೋಯಿತು, ಮೊಣಕಾಲಿನ ಕೆಳಗೆ. ಜೀವಕ್ಕೆ ಅಪಾಯವಿಲ್ಲ. ನಮ್ಮ ಊರಿನಿಂದ ಒಂದು ದಿನದ ರೈಲಿನ ದೂರದಲ್ಲಿರುವ ಸೈನಿಕ ಆಸ್ಪತ್ರೆಗೆ ಸಾಗಿಸಿದ್ದಾರೆ.

ಅವರು ನಿಂತಿದ್ದ ಜಾಗ ನನ್ನದು. ಇಲ್ಲಿ ಯಾರೂ ನನಗೆ ಏನೂ ಹೇಳುತ್ತಿಲ್ಲ. ಸುಂಟರಗಾಳಿ ಕೂಡ ನಗುತ್ತಿಲ್ಲ.

ಗುಬ್ಬಿ


ಮೇ 8

ಗುಬ್ಬಿ,

ನಿನ್ನ ಪತ್ರ ಬಂದಾಗ ನಾನು ಶಾಲೆಯ ಸಮವಸ್ತ್ರಕ್ಕೆ ಕಾಲರ್ ಹೊಲಿಯುತ್ತಿದ್ದೆ. ಓದಿ, ನಿಮ್ಮಪ್ಪನ ಕೈಗೆ ಕೊಟ್ಟೆ. ಓದಿದರು, ಮಡಿಸಿದರು, ಅಂಗಡಿಗೆ ಹೋದರು. ಮಧ್ಯಾಹ್ನಕ್ಕೇ ಬಾಗಿಲು ಹಾಕಿಕೊಂಡು ಬಂದರು. ಹಬ್ಬಕ್ಕೂ ಹಾಕದ ಮನುಷ್ಯ. ತಮ್ಮ ಪೆಟ್ಟಿಗೆಗೆ ಕತ್ತಿ, ಬ್ರಷ್ಷು, ಬಟ್ಟೆ ಎಲ್ಲ ತುಂಬಿಕೊಂಡು, "ಒಳ್ಳೆ ಕತ್ತರಿ ಸಿಗುತ್ತಂತೆ, ತರೋಕೆ ಹೋಗ್ತೀನಿ" ಅಂದರು. ಕತ್ತರಿ ತರಲು ಹೋಗುವವರು ಕತ್ತಿ ಯಾಕೆ ಒಯ್ಯುತ್ತಾರೆ ಅಂತ ನಾನು ಕೇಳಲಿಲ್ಲ. ನಿಮ್ಮಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ, ನನಗೆ ಕೇಳಿಸಿಕೊಳ್ಳಲು ಬರುತ್ತದೆ. ದಾರಿಗೆ ಬುತ್ತಿ ಕಟ್ಟಿ, ಹೆಚ್ಚಿಗೆ ಇನ್ನೊಬ್ಬರಿಗೂ ಆಗುವಷ್ಟು ಇಟ್ಟೆ.

ಏಪ್ರಿಲಿನಲ್ಲಿ ಅವರು ಬರೆಯಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ಬರೆದರು. ಬರೆದು ಬರೆದು ಹರಿದರು. ನಾನು ಯಾಕೆ ಬರೆಯಲಿಲ್ಲ ಅಂದರೆ, ಅವರು ಬರೆಯಲಿ ಅಂತ ಕಾದೆ. ಅದು ನನ್ನ ತಪ್ಪು.

ಊಟ ಬಿಡಬೇಡ. ಎದುರಿಗೆ ಯಾರೂ ಕೂರದಿದ್ದರೂ ಉಣ್ಣು.

ಅಮ್ಮ


ಮೇ 17

ಗುಬ್ಬಿ,

ಕತ್ತರಿ ಸಿಗಲಿಲ್ಲ.

ಆಸ್ಪತ್ರೆಯ ಗೇಟಿನಲ್ಲಿ ಯಾರನ್ನು ನೋಡಬೇಕು ಎಂದು ಕೇಳಿದರು. ನಿಮ್ಮ ದೊಡ್ಡಣ್ಣನ ನಿಜವಾದ ಹೆಸರೇ ನನಗೆ ಗೊತ್ತಿಲ್ಲ, ನೋಡು! ಬೆಬ್ಬೆಬ್ಬೆ ಅಂದೆ. ಕಾವಲಿನವನು ನನ್ನ ಪೆಟ್ಟಿಗೆ ತೆಗೆಸಿ ನೋಡಿ, "ಓ, ಕ್ಷೌರದವರಾ? ಹೋಗಿ, ಹೋಗಿ, ಎರಡನೇ ಮಹಡಿ" ಎಂದು ಬಿಟ್ಟ. ಮೇಲೆ ಹೋದರೆ ನರ್ಸಮ್ಮ ಸಿಡಿಮಿಡಿ. "ಸೋಮವಾರದಿಂದ ಕಾಯ್ತಿದ್ದೀವಿ, ಈಗ ಬಂದ್ರಾ?" ಅಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಒಬ್ಬನ ಮುಂದೆ ಕೂರಿಸಿದಳು. ಹೀಗೆ ಮೂರು ಜನರ ಗಡ್ಡ ಕೆರೆದು, ನಾಲ್ಕನೆಯವರ ಹತ್ತಿರ ಹೋದಾಗ ಪಕ್ಕದ ಹಾಸಿಗೆಯವನು, "ದೊಡ್ಡಣ್ಣಾ, ಏಳಿ, ನಿಮ್ಮ ಸರದಿ" ಅಂದ.

ಗಟ್ಟಿ ಆಳು. ಗಡ್ಡ ಬೆಳೆದು ಮುಖ ಇಳಿದಿತ್ತು. ಹೊದಿಕೆಯ ಒಂದು ಕಡೆ ಚಪ್ಪಟೆಯಾಗಿತ್ತು. ನಾನು ಯಾರೆಂದು ಹೇಳಲಿಲ್ಲ. ನೊರೆ ಹಚ್ಚಿದೆ. ಕುರ್ಚಿಯಲ್ಲಿ ಕೂತವರು ನೊರೆ ಹಚ್ಚಿದ ಮೇಲೆ ಮಾತಾಡುತ್ತಾರೆ, ಎಲ್ಲ ಕಡೆಯೂ ಅದೇ.

"ಹೇಗಾಯ್ತು?" ಅಂದೆ.

"ಅವಸರ" ಅಂದರು. "ಮೋಡ ಕಟ್ಟಿತ್ತು. ಊರಿನೋರು ಬಿತ್ತನೆಗೆ ಕಾಯ್ತಾ ಬೇಲಿ ಹತ್ರಾನೇ ನಿಂತಿದ್ರು. ಇದೊಂದು ಪಟ್ಟಿ ನೆಲ ಮುಗಿಸಿಬಿಡೋಣ ಅಂತ. ಡಿಟೆಕ್ಟರ್ ಕೂಗ್ತು. ದಿನಾ ಕೂಗುತ್ತೆ, ತೆಗೆದು ನೋಡಿದ್ರೆ ಡಬ್ಬಿ ಮುಚ್ಚಳ, ಮೊಳೆ. ಇದೂ ಮುಚ್ಚಳಾನೇ ಅಂದ್ಕೊಂಡೆ. ಚುಚ್ಚಿ ನೋಡದೆ ಕಾಲಿಟ್ಟೆ."

"ಮೊದಲ ಸಲವಾ?"

"ಎಲ್ಲಿಯ ಮೊದಲು! ಎಷ್ಟೋ ಸಲ ಹಾಗೆ ಮಾಡಿದ್ದೆ. ಏನೂ ಆಗಿರಲಿಲ್ಲ."

ಗುಬ್ಬಿ, ಆಗ ನನ್ನ ಕೈ ನಿಂತಿತು. ನೀನು ಮಾರ್ಚಿನಲ್ಲಿ ಬರೆದ ಮಾತು ಅದು. ನಾನು ಅದನ್ನು ಓದಿದ್ದೆ, ನನ್ನ ಮಾತಿಗೆ ಎದುರುತ್ತರ ಅಂತ ಅಷ್ಟೇ ಓದಿದ್ದೆ. ಈಗ ಆ ಚಪ್ಪಟೆ ಹೊದಿಕೆ ಕಣ್ಣೆದುರಿಗಿತ್ತು. ಮತ್ತೆ ಕತ್ತಿ ಎತ್ತಿದರೆ ಕೈ ನಡುಗಿತು. ಅವರ ಗಂಟಲ ಹತ್ತಿರ ಒಂದು ಚುಕ್ಕೆ ರಕ್ತ ಬಂತು. ಎಷ್ಟು ವರ್ಷವಾಗಿತ್ತೋ ಗಿರಾಕಿಗೆ ಗಾಯ ಮಾಡಿ! ಹತ್ತಿ ಒತ್ತುತ್ತಾ ಬಾಗಿದಾಗ ಅವರು ನನ್ನನ್ನು ಹತ್ತಿರದಿಂದ ದಿಟ್ಟಿಸಿದರು.

"ನೀವು ಮೇಡಂ ಅಪ್ಪ" ಅಂದರು. "ಆ ಮೂಗು ಎಲ್ಲಿ ಹೋದ್ರೂ ಸಿಕ್ಕಿಬೀಳುತ್ತೆ."

ಹೌದು ಅಂದೆ. ಬೈಯುತ್ತಾರೆ ಅಂದುಕೊಂಡೆ. ಬೈದರು ಕೂಡ. "ಮೇಡಂ ಬಿಟ್ಟು ಹೋದಾಗ ನನಗೆ ಮೈಯೆಲ್ಲಾ ಉರಿದಿತ್ತು ಯಜಮಾನ್ರೇ. ಎದುರಿಗೆ ಕೂತು ಊಟ ಮಾಡ್ತಿದ್ದೆ, ಆದ್ರೆ ಹೊಟ್ಟೆಯಲ್ಲಿ ಬೆಂಕಿ. ಆ ದಿನ ಚಪ್ಪಾಳೆ ಹೊಡೀದೆ ಇದ್ದೋನು ನಾನೊಬ್ಬನೇ. ಅವರ ಹೆಜ್ಜೆ ಗುರುತು ತೋರಿಸಿದವನೂ ನಾನೇ. ಅವರು ಅದನ್ನ ಅರ್ಥ ಮಾಡ್ಕೊಂಡು ಕೆಲಸ ಬಿಟ್ಟರು. ತೋರಿಸಿದ ನಾನು ಅರ್ಥ ಮಾಡ್ಕೊಳ್ಳಲಿಲ್ಲ."

ನಾನು ಬಂದದ್ದೇ ಒಂದು ಪ್ರಶ್ನೆ ಕೇಳಲು. ಇನ್ನೊಂದು ಕೆನ್ನೆಯೂ ಮುಗಿದ ಮೇಲೆ ಕೇಳಿದೆ. "ಅವಳು ಅಲ್ಲಿ ಇದ್ದಿದ್ದರೆ?"

ಅವರು ಬಟ್ಟೆಯಿಂದ ಕೆನ್ನೆ ಒರೆಸಿಕೊಂಡರು. "ಗೊತ್ತಿಲ್ಲ. ಮೊದಲಿನ ಮೇಡಂ ಆಗಿದ್ದರೆ ಕೂಗಿ ನಿಲ್ಲಿಸ್ತಿದ್ದರು. ಕೊನೇಕೊನೆಯ ಮೇಡಂ ಆಗಿದ್ದರೆ ನನಗಿಂತ ಮುಂಚೆ ಅವರೇ ಕಾಲಿಡ್ತಿದ್ದರು. ನಿಮಗೆ ಸಮಾಧಾನ ಆಗ್ಲಿ ಅಂತ ಒಂದನ್ನೇ ಹೇಳೋಕೆ ನನಗೆ ಬರೋದಿಲ್ಲ."

ನಿನಗೂ ಅದನ್ನು ಒಂದನ್ನೇ ಮಾಡಿ ಬರೆಯಲು ನನಗೆ ಬರುವುದಿಲ್ಲ. ಅವರು ಹೇಳಿದ ಹಾಗೆಯೇ ಬರೆದಿದ್ದೇನೆ.

ಅಮ್ಮನ ಬುತ್ತಿ ಇಬ್ಬರೂ ತಿಂದೆವು. ಹೊರಡುವಾಗ ಹೇಳಿದರು, "ಮೇಡಂಗೆ ಹೇಳಿ, ನೋಡೋಕೆ ಬರೋದು ಬೇಡ. ಬಂದ್ರೆ ಬೈದುಬಿಡ್ತೀನಿ." ನಾನು ಬಾಗಿಲವರೆಗೆ ಬಂದಿದ್ದೆ, ಮತ್ತೆ ಕೂಗಿದರು. "ಬೈಸಿಕೊಳ್ಳೋಕಾದ್ರೂ ಬರಲಿ ಅನ್ನಿ."

ಅಂಗಡಿಗೆ ಬಂದು ಮೊದಲು ಮಾಡಿದ ಕೆಲಸವೆಂದರೆ, ಕನ್ನಡಿಯ ಮೇಲಿನ ಆ ದಪ್ಪಕ್ಷರವನ್ನು ಕತ್ತರಿಸಿ ತೆಗೆದೆ. ನಿನ್ನ ಮುಖ ಇದೆ. ಅದು ಇರುತ್ತದೆ. ಮೀಸೆ ತಾತ ಏನೋ ಹೇಳಲು ಹೊರಟರು. "ತಾತ, ನೊರೆ ಬಾಯಿಗೆ ಹೋಗುತ್ತೆ, ಸುಮ್ಮನಿರಿ" ಅಂದೆ. ಹಾಗೆ ಅವರಿಗೆ ಹೇಳಿದ್ದು ಇದೇ ಮೊದಲು. ಅವರು ಸುಮ್ಮನಾದರು, ಮುಂದಿನ ವಾರವೂ ಬಂದರು.

ನಿನ್ನ
ಅಪ್ಪ


ಜೂನ್ 11

ಅಪ್ಪಾ,

ನಿನ್ನ ಪತ್ರವನ್ನು ಉಗ್ರಾಣದ ಬಾಗಿಲು ಹಾಕಿಕೊಂಡು ಓದಿದೆ. ಮೂಗಿನ ಭಾಗ ಬಂದಾಗ ನಕ್ಕೆ, ಆಮೇಲೆ ಬಹಳ ಹೊತ್ತು ಹೊರಗೆ ಬರಲಿಲ್ಲ.

ಎರಡು ದಿನ ರಜೆ ಹಾಕಿ ದೊಡ್ಡಣ್ಣನನ್ನು ನೋಡಿ ಬಂದೆ. ಹೇಳಿದ ಹಾಗೆಯೇ ಬೈದರು. ಪಕ್ಕದ ಹಾಸಿಗೆಯವರೆಲ್ಲ ಎದ್ದು ಕೂತು ಕೇಳಿದರು. ಬೈದು ಸುಸ್ತಾದ ಮೇಲೆ, "ಹುಡುಗರು ಈಗ ಹೇಗಿದ್ದಾರೆ?" ಅಂದರು. ಎಲ್ಲರೂ ಹೆದರಿದ್ದಾರೆ, ಆದರೆ ಹೆದರಿದ್ದೇವೆ ಎಂದು ಹೇಳಲು ಹೆದರುತ್ತಾರೆ ಎಂದೆ. "ಹಾಗಾದ್ರೆ ಅವಸರ ಮಾಡ್ತಾರೆ" ಅಂದರು. ಆ ಮೇಲೆ ನಾವಿಬ್ಬರೂ ಮಾತಾಡಿದ್ದು ಕೆಲಸದ ಬಗ್ಗೆ ಮಾತ್ರ. ಕಾಲಿನ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎದ್ದು ಬರುವಾಗ ಆ ಕಡೆ ನೋಡದೆ ಇರಲು ಆಗಲಿಲ್ಲ.

ಪದಕದ ಕಡತ ಮೇಲಿನಿಂದ ವಾಪಸ್ ಬಂದಿದೆ, ಹೊಲ ಬಿಟ್ಟವಳಿಗೆ ಹೇಗೆ ಕೊಡುವುದು ಎಂಬ ಪ್ರಶ್ನೆಯೊಂದಿಗೆ. ಒಳ್ಳೆಯ ಪ್ರಶ್ನೆ.

ಮುಂದಿನ ತಿಂಗಳು ಮತ್ತೆ ಹೊಲಕ್ಕೆ ಇಳಿಯುತ್ತೇನೆ. ಕಮಾಂಡರ್ ಒಪ್ಪಿದ್ದಾರೆ. ಬೇಡ ಎನ್ನುತ್ತೀಯಾ?

ಗುಬ್ಬಿ


ಜೂನ್ 25

ಗುಬ್ಬಿ,

ಬೇಡ ಎನ್ನಬೇಕೆಂದು ಮೂರು ಹಾಳೆ ಹರಿದೆ. ನಿಮ್ಮಮ್ಮ ಪಕ್ಕದಲ್ಲೇ ಗುಂಡಿ ಹೊಲಿಯುತ್ತಾ, "ಅವಳು ನಿಮ್ಮನ್ನ ಅಪ್ಪಣೆ ಕೇಳ್ತಿಲ್ಲ, ಜೊತೆಗಿದ್ದೀರಾ ಅಂತ ಕೇಳ್ತಿದ್ದಾಳೆ" ಅಂದಳು.

ಇದ್ದೇನೆ.

ಅಪ್ಪ


ಆಗಸ್ಟ್ 3

ಅಪ್ಪಾ, ಅಮ್ಮಾ,

ಹೊಲಕ್ಕೆ ಇಳಿದು ಮೂರು ವಾರವಾಯಿತು. ಮೊದಲ ದಿನ ತುಕಡಿಯನ್ನು ನಿಲ್ಲಿಸಿ ಒಂದು ಮಾತು ಹೇಳಿದೆ. ಬೆಳಿಗ್ಗೆ ಹೊಲದ ಅಂಚಿಗೆ ಬಂದ ಮೇಲೆ ಯಾರಿಗಾದರೂ "ಇವತ್ತು ನನ್ನಿಂದ ಆಗೋದಿಲ್ಲ" ಅನ್ನಿಸಿದರೆ, ಅಷ್ಟು ಹೇಳಿ ಕೂರಬಹುದು. ಯಾಕೆ ಎಂದು ನಾನು ಕೇಳುವುದಿಲ್ಲ, ಎಲ್ಲಿಯೂ ಬರೆದಿಡುವುದಿಲ್ಲ. ಸುಂಟರಗಾಳಿ ಹಿಂದಿನ ಸಾಲಿನಿಂದ, "ಹಾಗಾದ್ರೆ ಈ ಹೊಲ ನಮ್ಮ ಮೊಮ್ಮಕ್ಕಳು ಮುಗಿಸ್ತಾರೆ ಮೇಡಂ" ಅಂದ. ಎಲ್ಲರೂ ನಕ್ಕರು. ಮುಗಿಸಲಿ ಬಿಡು ಅಂದೆ.

ಯಾರೂ ಹೇಳಲಿಲ್ಲ. ದಿನವೂ ಅಂಚಿನಲ್ಲಿ ನಿಂತು ಕೇಳಿದೆ, ದಿನವೂ ಎಲ್ಲರೂ ಎದೆ ಉಬ್ಬಿಸಿ ಇಳಿದರು. ನನ್ನ ಮಾತು ನೀರುಪಾಲಾಯಿತು ಅಂದುಕೊಂಡೆ.

ಇವತ್ತು ಬೆಳಿಗ್ಗೆ ಒಬ್ಬ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಮೇಡಂ, ಇವತ್ತು ಬೇಡ" ಅಂದ. ದನಿ ಎಷ್ಟು ಸಣ್ಣಗಿತ್ತೆಂದರೆ ಎರಡನೆಯ ಸಲ ಹೇಳಬೇಕಾಯಿತು. ಹೇಳಿದವನು ಸುಂಟರಗಾಳಿ.

ಸರಿ, ಕೂತುಕೋ ಅಂದೆ. ಅವನು ಹೋಗಿ ಟ್ರಕ್ಕಿನ ನೆರಳಿನಲ್ಲಿ ಕೂತ. ನಾನು ಉಳಿದವರ ಮುಖ ನೋಡಿದೆ. ಯಾರೂ ನಗಲಿಲ್ಲ. ಒಬ್ಬ ತನ್ನ ಫ್ಲಾಸ್ಕ್ ತೆಗೆದು ಅವನ ಪಕ್ಕ ಇಟ್ಟು ಬಂದ.

ಅವನ ಪಾಲಿನ ಪಟ್ಟಿಯಲ್ಲಿ ಇವತ್ತು ನಾನೇ ಮಂಡಿಯೂರಿದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ನಮ್ಮ ಅಡುಗೆಮನೆಯ ಅಗಲದಷ್ಟೂ ಮುಂದೆ ಹೋಗಲಿಲ್ಲ. ಸಿಕ್ಕಿದ್ದು ತುಕ್ಕು ಹಿಡಿದ ಒಂದು ಬಾಗಿಲ ಚಿಲಕ. ಅದು ಚಿಲಕ ಎಂದು ಗೊತ್ತಾಗುವವರೆಗೆ, ಇಲ್ಲಿಗೆ ಬಂದ ಹೊಸದರ ಹಾಗೆಯೇ, ನನ್ನ ಗಂಟಲು ಒಣಗಿತ್ತು, ಬೆನ್ನಿನ ಮೇಲೆ ಬೆವರು ಇಳಿಯುತ್ತಿತ್ತು, ಅಮ್ಮನನ್ನು ನೆನೆಸಿಕೊಂಡೆ.

ಚೆನ್ನಾಗಿದ್ದೇನೆ.

ನಿಮ್ಮ
ಗುಬ್ಬಿ